ಹೊಲೊಗ್ರಾಂ ಒಳಗಿನ ಲೆಕ್ಕ: ಹಳೇ ಸಿಡಿಯಿಂದ ಒಂದು ರೂಪಾಯಿ ನಾಣ್ಯದವರೆಗೆ

ಪರ್ಸಿನಲ್ಲಿರುವ ಕಾರ್ಡುಗಳನ್ನು ತೆಗೆದು ನೋಡಿ. ಯಾವುದಾದರೂ ಒಂದರ ಮೇಲೆ ಬೆಳ್ಳಿ ಬಣ್ಣದ ಹೊಳೆಯುವ ಚೌಕ ಸಿಗಬಹುದು. ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದು ಎಡಕ್ಕೆ ಬಲಕ್ಕೆ ವಾಲಿಸಿ. ಚಿತ್ರ ಪ್ಲಾಸ್ಟಿಕ್ಕಿನ ಮೇಲೆ ಇಲ್ಲ, ಅದರೊಳಗೆ ಎಲ್ಲೋ ಇದೆ ಅನ್ನಿಸುತ್ತದೆ. ಬೆರಳಲ್ಲಿ ಸವರಿದರೆ ಬರೀ ನುಣುಪು. ಆಳ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಹುಡುಕಲು ದೊಡ್ಡ ಗಣಿತ ಬೇಡ. ಹೈಸ್ಕೂಲಿನ ಸೈನ್ ಮತ್ತು (ಅ + ಬ)² ವಿಸ್ತರಣೆ ನೆನಪಿದ್ದರೆ ಸಾಕು. ಹೊಲೊಗ್ರಾಂ ಬರೆಯುವುದಕ್ಕೂ ಅದನ್ನು ಓದುವುದಕ್ಕೂ ಸೂತ್ರ ಒಂದೇ. ಒಮ್ಮೆ ಈ ಕಡೆಯಿಂದ ಓದಿದರೆ ರೆಕಾರ್ಡಿಂಗ್, ಆ ಕಡೆಯಿಂದ ಓದಿದರೆ ಚಿತ್ರ. ಇದು ಮನಸ್ಸಿಗೆ ಹೊಕ್ಕರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ವೇದಿಕೆ ಮೇಲೆ ಇಲ್ಲದ ಮನುಷ್ಯ ಬಂದು ಭಾಷಣ ಮಾಡಿದಂತೆ ತೋರಿಸುತ್ತಾರಲ್ಲ, ಅದು ಹೊಲೊಗ್ರಾಂ ಅಲ್ಲ. ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಹಾಳೆಯಲ್ಲಿ ಕಾಣುವ ಪ್ರತಿಬಿಂಬ ಅಷ್ಟೇ. ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ 1862ರಲ್ಲೇ ನಾಟಕದಲ್ಲಿ ದೆವ್ವ ತೋರಿಸಲು ಬಳಸಿದ ಉಪಾಯ ಅದು. ಮೊಬೈಲ್ ಮೇಲೆ ಪ್ಲಾಸ್ಟಿಕ್ ಪಿರಮಿಡ್ ಇಟ್ಟು ಮಾಡುವುದೂ ಅದೇ. ಚೆನ್ನಾಗಿದೆ, ಆದರೆ ನಮ್ಮ ವಿಷಯ ಬೇರೆ.

ಹಂತ 1: ಸಿಡಿ ಮೇಲೆ ಲೇಸರ್ ಬಿಡಿ

ಮೂಲೆಯಲ್ಲಿ ಬಿದ್ದಿರುವ ಒಂದು ಹಳೇ ಸಿಡಿ ಮತ್ತು ಕೆಂಪು ಲೇಸರ್ ಪಾಯಿಂಟರ್ ತೆಗೆದುಕೊಳ್ಳಿ. ಒಂದು ರಟ್ಟಿನ ನಡುವೆ ಚಿಕ್ಕ ತೂತು ಮಾಡಿ. ಸಿಡಿಯನ್ನು ಗೋಡೆಗೆ ಒರಗಿಸಿ, ಅದರ ಎದುರಿಗೆ 20 ಸೆಂಟಿಮೀಟರ್ ದೂರದಲ್ಲಿ ರಟ್ಟು ನಿಲ್ಲಿಸಿ. ತೂತಿನ ಮೂಲಕ ಲೇಸರನ್ನು ಸಿಡಿಗೆ ನೇರವಾಗಿ ಬಿಡಿ. ಕಣ್ಣಿಗೆ ಮಾತ್ರ ಬೀಳದಂತೆ ನೋಡಿಕೊಳ್ಳಿ, ಪ್ರತಿಫಲನ ಕೂಡ.

ರಟ್ಟಿನ ಮೇಲೆ, ತೂತಿನ ಎರಡೂ ಪಕ್ಕ, ಸುಮಾರು 9 ಸೆಂಟಿಮೀಟರ್ ದೂರದಲ್ಲಿ ಒಂದೊಂದು ಕೆಂಪು ಚುಕ್ಕೆ ಬೀಳುತ್ತದೆ. ನೇರ ಹೋದ ಬೆಳಕು ಹೀಗೆ ಓರೆಯಾಗಿ ಯಾಕೆ ಬಂತು? ಸಿಡಿಯ ಮೇಲೆ ಸುರುಳಿ ಗೆರೆಗಳಿವೆ. ಪಕ್ಕಪಕ್ಕದ ಗೆರೆಗಳ ಅಂತರ 1.6 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಒಂದೊಂದು ಗೆರೆಯಿಂದಲೂ ಬೆಳಕು ಎಲ್ಲ ಕಡೆ ಚದುರುತ್ತದೆ. ಬಹುತೇಕ ದಿಕ್ಕುಗಳಲ್ಲಿ ಅಲೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಪಕ್ಕದ ಗೆರೆಯ ಬೆಳಕು ಸರಿಯಾಗಿ ಒಂದು ಅಲೆಯಷ್ಟು ಹಿಂದೆ ಬೀಳುವ ದಿಕ್ಕಿನಲ್ಲಿ ಮಾತ್ರ ಎಲ್ಲ ಅಲೆಗಳೂ ಹೆಜ್ಜೆ ಕೂಡಿಸುತ್ತವೆ. ಆ ದಿಕ್ಕಿನ ಸೂತ್ರ:

ಸೈನ್(ಕೋನ) = ತರಂಗಾಂತರ ÷ ಗೆರೆಗಳ ಅಂತರ

ಪಾಯಿಂಟರಿನ ತರಂಗಾಂತರ 650 ನ್ಯಾನೋಮೀಟರ್, ಅಂದರೆ 0.65 ಮೈಕ್ರಾನ್ ಅಂದುಕೊಳ್ಳಿ. 0.65 ÷ 1.6 = 0.406. ಕೋನ 24 ಡಿಗ್ರಿ. 20 ಸೆಂಟಿಮೀಟರ್ ದೂರಕ್ಕೆ ಲೆಕ್ಕ ಹಾಕಿದರೆ 8.9 ಸೆಂಟಿಮೀಟರ್. ಸ್ಕೇಲ್ ಇಟ್ಟು ಅಳೆದು ನೋಡಿ. ಡಿವಿಡಿ ಇದ್ದರೆ ಅದರಲ್ಲೂ ಮಾಡಿ: ಅಲ್ಲಿ ಗೆರೆಗಳ ಅಂತರ 0.74 ಮೈಕ್ರಾನ್, ಕೋನ 61 ಡಿಗ್ರಿ ದಾಟುತ್ತದೆ. ಗೆರೆ ಹತ್ತಿರ ಬಂದಷ್ಟೂ ಬೆಳಕು ಜಾಸ್ತಿ ಬಾಗುತ್ತದೆ.

ಅಂದರೆ ಗೆರೆಗಳ ಅಂತರವನ್ನು ನಮಗೆ ಬೇಕಾದಂತೆ ಇಟ್ಟರೆ ಬೆಳಕನ್ನು ಬೇಕಾದ ಕಡೆಗೆ ಕಳಿಸಬಹುದು, ಅಲ್ವಾ? ಹೊಲೊಗ್ರಾಂ ಅಂದರೆ ಅಂಥ ಗೆರೆಗಳ ಒಂದು ಮಹಾ ಜಂಗುಳಿ. ಆ ಗೆರೆಗಳನ್ನು ಯಾರು ಬರೆಯುತ್ತಾರೆ ಅನ್ನುವುದೇ ಮುಂದಿನ ಕಥೆ.

ಹಂತ 2: ಫೋಟೋ ಏನನ್ನು ಮರೆಯುತ್ತದೆ

ಬೆಳಕಿನ ಅಲೆಗೆ ಎರಡು ಗುಣ. ಒಂದು, ಎಷ್ಟು ಎತ್ತರ ಇದೆ (ಪ್ರಖರತೆ ಇದರಿಂದ ಬರುತ್ತದೆ). ಇನ್ನೊಂದು, ಈ ಕ್ಷಣದಲ್ಲಿ ಏರುತ್ತಿದೆಯೋ ಇಳಿಯುತ್ತಿದೆಯೋ, ಅಂದರೆ ಫೇಸ್. ವಸ್ತುವಿನ ಹತ್ತಿರದ ಭಾಗದಿಂದ ಬಂದ ಅಲೆ ಮುಂದಿರುತ್ತದೆ, ದೂರದ ಭಾಗದ್ದು ಹಿಂದಿರುತ್ತದೆ. ಆಳದ ಸುದ್ದಿ ಪೂರ್ತಿ ಈ ಮುಂದು-ಹಿಂದಿನಲ್ಲೇ ಇದೆ.

ಕೆಂಪು ಬೆಳಕು ಸೆಕೆಂಡಿಗೆ ಸುಮಾರು 474 ಲಕ್ಷ ಕೋಟಿ ಸಲ ಏರಿಳಿಯುತ್ತದೆ. ಇಷ್ಟು ವೇಗವನ್ನು ಯಾವ ಫಿಲ್ಮೂ, ಯಾವ ಮೊಬೈಲ್ ಸೆನ್ಸರೂ ಹಿಂಬಾಲಿಸಲಾರದು. ಅವು ಸರಾಸರಿ ಶಕ್ತಿಯನ್ನು ಮಾತ್ರ ಎಣಿಸುತ್ತವೆ, ಅಂದರೆ ಎತ್ತರದ ವರ್ಗ. ಫೇಸ್ ಕೈತಪ್ಪಿತು, ಜೊತೆಗೆ ಆಳವೂ ಹೋಯಿತು.

ಹಂತ 3: ಇನ್ನೊಂದು ಅಲೆ ಸೇರಿಸಿ

ವಸ್ತುವಿನಿಂದ ಬಂದ ಅಲೆಯ ಎತ್ತರ 1 ಅಂದುಕೊಳ್ಳೋಣ. ಫಿಲ್ಮಿಗೆ ಕಾಣುವುದು 1² = 1. ಫೇಸ್ ಏನೇ ಇರಲಿ, ಉತ್ತರ 1.

ಈಗ ಅದೇ ಲೇಸರಿನಿಂದ ಒಡೆದು ತಂದ ಇನ್ನೊಂದು ಕಿರಣವನ್ನು ಜೊತೆಗೆ ಬಿಡಿ. ಇದು ವಸ್ತುವನ್ನು ಮುಟ್ಟಿಲ್ಲ, ನೇರ ಫಿಲ್ಮಿಗೇ ಬಂದಿದೆ. ಇದಕ್ಕೆ ರೆಫರೆನ್ಸ್ ಕಿರಣ ಅನ್ನುತ್ತಾರೆ. ಇದರ ಎತ್ತರ 5 ಇರಲಿ. ಎರಡೂ ಒಟ್ಟಿಗೆ ಏರಿದರೆ (5 + 1)² = 36. ಒಂದು ಏರುವಾಗ ಇನ್ನೊಂದು ಇಳಿದರೆ (5 − 1)² = 16. ಕಾಲು ಅಲೆ ವ್ಯತ್ಯಾಸ ಇದ್ದರೆ 25 + 1 = 26. ಎಲ್ಲಕ್ಕೂ ಸೇರಿ ಒಂದು ಸೂತ್ರ:

ತೀವ್ರತೆ = 5² + 1² + 2 × 5 × 1 × ಕಾಸ್(ಫೇಸ್ ವ್ಯತ್ಯಾಸ)

ಫಿಲ್ಮಿಗೆ ಕಾಣದ ಫೇಸ್ ಈಗ ಕಪ್ಪು-ಬಿಳುಪಾಗಿ ಬಂದುಬಿಟ್ಟಿತು. ದುರ್ಬಲ ಅಲೆ ಕೇವಲ 1 ಇದ್ದರೂ ಏರಿಳಿತ 16ರಿಂದ 36ರವರೆಗೆ ಇದೆ ನೋಡಿ. ಪುಸ್ತಕದಲ್ಲಿ ಇದಕ್ಕೆ ವ್ಯತಿಕರಣ ಅನ್ನುತ್ತಾರೆ.

ಒಂದು ಸಣ್ಣ ತೊಡಕು ಇಲ್ಲೇ ಅಡಗಿದೆ, ಈಗಲೇ ಗುರುತು ಹಾಕಿಕೊಳ್ಳಿ. ಕಾಲು ಅಲೆ ಮುಂದಿದ್ದರೂ 26, ಕಾಲು ಅಲೆ ಹಿಂದಿದ್ದರೂ 26. ಮುಂದೋ ಹಿಂದೋ ಅನ್ನುವುದು ಫಿಲ್ಮಿಗೆ ಗೊತ್ತಾಗುವುದಿಲ್ಲ. ಈ ತೊಡಕು ಕೊನೆಯವರೆಗೂ ನಮ್ಮ ಬೆನ್ನು ಬಿಡುವುದಿಲ್ಲ.

ಹಂತ 4: ಪಟ್ಟೆಗಳ ಅಂತರ ಎಷ್ಟು

ಸೊಳ್ಳೆ ಪರದೆಯ ಎರಡು ಪದರ ಒಂದರ ಮೇಲೊಂದು ಬಿದ್ದಾಗ ದಪ್ಪ ದಪ್ಪ ನೆರಳಿನ ಪಟ್ಟೆ ಕಾಣುವುದನ್ನು ನೋಡಿರುತ್ತೀರಿ. ಒಂದು ಪದರವನ್ನು ಸ್ವಲ್ಪ ತಿರುಗಿಸಿದರೆ ಪಟ್ಟೆಗಳು ಒತ್ತೊತ್ತಾಗುತ್ತವೆ, ವಾಪಸ್ ತಂದರೆ ಅಗಲವಾಗುತ್ತವೆ. ಎರಡು ಬೆಳಕಿನ ಅಲೆಗಳು ಓರೆಯಾಗಿ ದಾಟುವಾಗ ಆಗುವುದೂ ಇದೇ. ಕೋನ ಜಾಸ್ತಿಯಾದಷ್ಟೂ ಪಟ್ಟೆ ಒತ್ತಾಗುತ್ತದೆ.

ಲೆಕ್ಕ ಹಾಕೋಣ. ರೆಫರೆನ್ಸ್ ಕಿರಣ ಫಿಲ್ಮಿಗೆ ನೇರವಾಗಿ ಬೀಳುತ್ತಿದೆ. ವಸ್ತುವಿನ ಕಿರಣ ಓರೆಯಾಗಿ ಬರುತ್ತಿದೆ. ಒಂದು ಬಿಳಿ ಪಟ್ಟೆಯ ಮೇಲೆ ನಿಂತು, ಫಿಲ್ಮಿನ ಮೇಲೆ ಪಕ್ಕಕ್ಕೆ ಜರುಗಿ. ರೆಫರೆನ್ಸ್ ಕಿರಣದ ದಾರಿಯಲ್ಲಿ ಏನೂ ಬದಲಾಗುವುದಿಲ್ಲ. ಓರೆ ಕಿರಣದ ದಾರಿ ಮಾತ್ರ (ಜರುಗಿದ ದೂರ × ಸೈನ್ ಕೋನ)ದಷ್ಟು ಬದಲಾಗುತ್ತದೆ. ಇದು ಸರಿಯಾಗಿ ಒಂದು ತರಂಗಾಂತರ ಆದಾಗ ಮತ್ತೆ ಬಿಳಿ ಪಟ್ಟೆ. ಹಾಗಾಗಿ:

ಪಟ್ಟೆಗಳ ಅಂತರ = ತರಂಗಾಂತರ ÷ ಸೈನ್(ಕೋನ)

ಈಗ ಹಂತ 1ರ ಸೂತ್ರದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅದೇ ಸೂತ್ರ, ಪದಗಳು ಜಾಗ ಬದಲಿಸಿವೆ ಅಷ್ಟೇ! 30 ಡಿಗ್ರಿಯಲ್ಲಿ ಬಂದ ಬೆಳಕು ಎಷ್ಟು ಅಂತರದ ಪಟ್ಟೆ ಬರೆಯುತ್ತದೋ, ಅಷ್ಟೇ ಅಂತರದ ಪಟ್ಟೆ ತನ್ನ ಮೇಲೆ ನೇರ ಬಿದ್ದ ಬೆಳಕನ್ನು 30 ಡಿಗ್ರಿಗೆ ಕಳಿಸುತ್ತದೆ. ವಸ್ತುವನ್ನು ಎತ್ತಿಟ್ಟು, ಡೆವಲಪ್ ಮಾಡಿದ ಫಿಲ್ಮಿಗೆ ರೆಫರೆನ್ಸ್ ಕಿರಣ ಮಾತ್ರ ಬಿಡಿ: ವಸ್ತುವಿನಿಂದ ಬರುತ್ತಿದ್ದ ಬೆಳಕೇ ಮತ್ತೆ ಹೊರಡುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯಲು ದಾರಿಯೇ ಇಲ್ಲ.

ಅಂಕಿ ಹಾಕಿ ನೋಡಿ. ಹೀಲಿಯಂ-ನಿಯಾನ್ ಲೇಸರ್ 633 ನ್ಯಾನೋಮೀಟರ್, ಕೋನ 30 ಡಿಗ್ರಿ. ಅಂತರ 1.27 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ 790 ಪಟ್ಟೆ! ಮಾಮೂಲಿ ಫೋಟೋ ಫಿಲ್ಮಿಗೆ ಮಿಲಿಮೀಟರಿಗೆ ನೂರು-ಇನ್ನೂರು ಗೆರೆ ಹಿಡಿಯುವಷ್ಟರಲ್ಲೇ ಸಾಕಾಗುತ್ತದೆ. ಅದಕ್ಕೇ ಹೊಲೊಗ್ರಾಂಗೆ ತುಂಬಾ ಸಣ್ಣ ಕಣಗಳ ಬೇರೆ ಫಿಲ್ಮೇ ಬೇಕು.

ಹೊಲೊಗ್ರಾಂ ಟಿವಿ ಯಾಕೆ ಇನ್ನೂ ಮನೆಗೆ ಬಂದಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಅರ್ಧ ಮೈಕ್ರಾನಿನ ಪಿಕ್ಸೆಲ್ ಬೇಕು ಅಂದುಕೊಳ್ಳಿ. 50 × 30 ಸೆಂಟಿಮೀಟರ್ ಪರದೆಗೆ 60 ಸಾವಿರ ಕೋಟಿ ಪಿಕ್ಸೆಲ್ ಆಯಿತು. ಇವತ್ತಿನ ಫೋರ್‌ಕೆ ಟಿವಿಯಲ್ಲಿ ಇರುವುದು 83 ಲಕ್ಷ.

ಹಂತ 5: ಒಂದೇ ಒಂದು ಚುಕ್ಕೆಯ ಹೊಲೊಗ್ರಾಂ

ಕಾಗದ-ಪೆನ್ಸಿಲ್ ಹಿಡಿದು ಪೂರ್ತಿ ಹೊಲೊಗ್ರಾಂ ಒಂದನ್ನು ಲೆಕ್ಕ ಹಾಕಬಹುದು. ವಸ್ತು ಅಂದರೆ ಫಿಲ್ಮಿನಿಂದ 10 ಸೆಂಟಿಮೀಟರ್ ದೂರದ ಒಂದು ಚುಕ್ಕೆ. ರೆಫರೆನ್ಸ್ ಕಿರಣ ನೇರ. ಫಿಲ್ಮಿನ ನಡುವಿನಿಂದ ಹೊರಗೆ ಹೋದಂತೆ ಚುಕ್ಕೆಯಿಂದ ದೂರ ಹೆಚ್ಚುತ್ತದೆ. ಪೈಥಾಗೊರಸ್ ಹಾಕಿ ಸರಳ ಮಾಡಿದರೆ, ಹೆಚ್ಚುವ ದೂರ ಸುಮಾರು (ತ್ರಿಜ್ಯ² ÷ 2 × ದೂರ), ಭಾಗಿಸುವುದು ಇಡೀ "2 × ದೂರ"ದಿಂದ. ಇದು ಒಂದೊಂದು ತರಂಗಾಂತರ ಹೆಚ್ಚಿದಾಗ ಒಂದೊಂದು ಬಿಳಿ ಬಳೆ.

ಬಳೆಯ ತ್ರಿಜ್ಯ = ವರ್ಗಮೂಲ(2 × ಬಳೆಯ ಸಂಖ್ಯೆ × ತರಂಗಾಂತರ × ದೂರ)

ಮೊದಲ ಬಳೆ 0.36 ಮಿಲಿಮೀಟರ್. ನಾಲ್ಕನೆಯದು 0.71. ನೂರನೆಯದು 3.56. ಹೊರಗೆ ಹೋದಂತೆ ಬಳೆಗಳು ಒತ್ತಾಗುತ್ತವೆ: 99 ಮತ್ತು 100ನೇ ಬಳೆಗಳ ನಡುವೆ ಬರೀ 18 ಮೈಕ್ರಾನ್.

ಈ ಚಿತ್ರಕ್ಕೆ ನೇರ ಬೆಳಕು ಬಿಡಿ. ನೂರನೇ ಬಳೆಯ ಹತ್ತಿರ ಅಂತರ 17.8 ಮೈಕ್ರಾನ್, ಆದ್ದರಿಂದ ಸೈನ್(ಕೋನ) = 0.633 ÷ 17.8 = 0.0356. ನಡುವಿನಿಂದ 3.56 ಮಿಲಿಮೀಟರ್ ಆಚೆ ನಿಂತು 100 ಮಿಲಿಮೀಟರ್ ದೂರದ ಚುಕ್ಕೆಗೆ ಗೆರೆ ಎಳೆದರೆ ಓರೆ ಎಷ್ಟು? 3.56 ÷ 100 = 0.0356. ನಾನು ಮೊದಲ ಸಲ ಈ ಎರಡು ಸಂಖ್ಯೆ ಹೊಂದಿದ್ದನ್ನು ನೋಡಿ ಕ್ಯಾಲ್ಕ್ಯುಲೇಟರ್ ತಪ್ಪೇನೋ ಅಂತ ಇನ್ನೊಮ್ಮೆ ಒತ್ತಿದ್ದೆ. ಬೇರೆ ಯಾವ ಬಳೆ ತೆಗೆದುಕೊಂಡರೂ ಕಿರಣ ಅದೇ ಚುಕ್ಕೆಯ ಕಡೆಗೇ ಬೊಟ್ಟು ಮಾಡುತ್ತದೆ.

ಆದರೆ ಸಿಡಿಯಲ್ಲಿ ಎರಡೂ ಪಕ್ಕ ಚುಕ್ಕೆ ಬಿದ್ದಿದ್ದು ನೆನಪಿದೆಯಾ? ಇಲ್ಲೂ ಹಾಗೆಯೇ. ಬಳೆಗಳು ಸ್ವಲ್ಪ ಬೆಳಕನ್ನು ಹೊರಕ್ಕೆ ಹರಡುತ್ತವೆ, ಅದು ಫಿಲ್ಮಿನ ಹಿಂದಿನ ಚುಕ್ಕೆಯಿಂದ ಬಂದಂತೆ ಕಾಣುತ್ತದೆ. ಇನ್ನು ಸ್ವಲ್ಪವನ್ನು ಒಳಕ್ಕೆ ಬಾಗಿಸುತ್ತವೆ, ಅದು ಫಿಲ್ಮಿನ ಈಚೆಗೆ 10 ಸೆಂಟಿಮೀಟರಿನಲ್ಲಿ ಒಟ್ಟುಗೂಡುತ್ತದೆ. ಚುಕ್ಕೆ ಒಂದು, ಚಿತ್ರ ಎರಡು.

ನಿಜವಾದ ವಸ್ತು ಅಂದರೆ ಇಂಥ ಕೋಟಿಗಟ್ಟಲೆ ಚುಕ್ಕೆ. ಒಂದೊಂದರ ಬಳೆಗಳೂ ಒಂದರ ಮೇಲೊಂದು ಬೀಳುತ್ತವೆ.

ಹಂತ 6: ಬೀಜಗಣಿತ, ಒಂದೇ ಸಾಲಿನಲ್ಲಿ

ರೆಫರೆನ್ಸ್ ಅಲೆಗೆ "ರ", ವಸ್ತುವಿನ ಅಲೆಗೆ "ವ" ಅನ್ನೋಣ. ಒಂದೊಂದರಲ್ಲೂ ಎತ್ತರ ಮತ್ತು ಫೇಸ್ ಎರಡೂ ಸೇರಿವೆ. ಫೇಸನ್ನು ಉಲ್ಟಾ ಮಾಡಿದ ಅಲೆಗೆ ನಕ್ಷತ್ರ ಹಾಕೋಣ: ವ* ಅಂದರೆ ಮುಂದಿದ್ದದ್ದೆಲ್ಲ ಹಿಂದಾದ ಅಲೆ. ಒಂದು ಅಲೆಯನ್ನು ಅದರದೇ ನಕ್ಷತ್ರದ ಅಲೆಯಿಂದ ಗುಣಿಸಿದರೆ ಫೇಸ್ ವಜಾ ಆಗಿ ಎತ್ತರದ ವರ್ಗ ಉಳಿಯುತ್ತದೆ. ಫಿಲ್ಮಿನ ಮೇಲೆ ಬೀಳುವ ತೀವ್ರತೆ:

(ರ + ವ)(ರ* + ವ*) = ರರ* + ವವ* + ರ*ವ + ರವ*

ಡೆವಲಪ್ ಆದ ಫಿಲ್ಮ್ ಈ ಲೆಕ್ಕದಂತೆ ಬೆಳಕನ್ನು ಬಿಡುತ್ತದೆ. ಅದಕ್ಕೆ ಮತ್ತೆ ರ ಬಿಡುವುದು ಅಂದರೆ ಎಲ್ಲವನ್ನೂ ರ ಇಂದ ಗುಣಿಸುವುದು:

ರ(ರರ* + ವವ*) + (ರರ*)ವ + ರ²ವ*

ಮೂರು ತುಂಡು. ಮೊದಲನೆಯದು ನೇರ ಹಾಯ್ದುಹೋಗುವ ರೆಫರೆನ್ಸ್ ಬೆಳಕು. ಎರಡನೆಯದನ್ನು ನೋಡಿ: ರರ* ಬರೀ ಒಂದು ಸಂಖ್ಯೆ, ನಮ್ಮ ಉದಾಹರಣೆಯಲ್ಲಿ 25. ಪಕ್ಕದಲ್ಲಿ ಉಳಿದದ್ದು ವ. ಎತ್ತರ, ಫೇಸ್ ಎರಡೂ ಇರುವ, ವಸ್ತುವಿನಿಂದ ಹೊರಟಿದ್ದ ಅದೇ ಅಲೆ. ಮೂರನೆಯದರಲ್ಲಿ ವ* ಇದೆ. ಮುಂದೋ ಹಿಂದೋ ಗೊತ್ತಾಗದ ಫಿಲ್ಮು ಎರಡನ್ನೂ ಬರೆದಿಟ್ಟುಕೊಂಡು ಎರಡನ್ನೂ ವಾಪಸ್ ಕೊಟ್ಟಿದೆ.

ಈ ಅವಳಿ ಚಿತ್ರವೇ ಹೊಲೊಗ್ರಾಂ ಕಂಡುಹಿಡಿದವನ ತಲೆನೋವೂ ಆಗಿತ್ತು. ಹಂಗೆರಿ ಮೂಲದ ಡೆನಿಸ್ ಗೇಬರ್ 1947ರಲ್ಲಿ ಇಂಗ್ಲೆಂಡಿನ ರಗ್ಬಿ ಊರಲ್ಲಿ ಕೆಲಸ ಮಾಡುತ್ತಿದ್ದ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮಸುಕು ಚಿತ್ರ ಸರಿಪಡಿಸುವುದು ಅವನ ಗುರಿ. 1948ರಲ್ಲಿ ಪಾದರಸ ದೀಪದ ಬೆಳಕಿನಲ್ಲಿ ಮಾಡಿ ತೋರಿಸಿದ. ಆದರೆ ಅವನ ಜೋಡಣೆಯಲ್ಲಿ ಎರಡೂ ಕಿರಣ ಒಂದೇ ಗೆರೆಯಲ್ಲಿದ್ದವು. ಮೂರೂ ತುಂಡುಗಳು ಒಂದರ ಮೇಲೊಂದು ಬಿದ್ದು ಚಿತ್ರ ಕಲಸಿಹೋಗುತ್ತಿತ್ತು. ಮಿಶಿಗನ್ ವಿಶ್ವವಿದ್ಯಾಲಯದ ಎಮೆಟ್ ಲೀತ್ ಮತ್ತು ಜೂರಿಸ್ ಉಪಾಟ್ನಿಯೆಕ್ಸ್ 1960ರ ದಶಕದಲ್ಲಿ ರೆಫರೆನ್ಸ್ ಕಿರಣವನ್ನು ಸುಮ್ನೆ ಓರೆ ಮಾಡಿದರು. ಮೂರು ತುಂಡು ಮೂರು ದಿಕ್ಕಿಗೆ ಹೋದವು. 1964ರಲ್ಲಿ ಅವರು ತೋರಿಸಿದ ಆಟದ ರೈಲಿನ ಹೊಲೊಗ್ರಾಂ ನೋಡಿದವರು ಫಲಕದ ಹಿಂದೆ ರೈಲು ಇದೆಯೇ ಅಂತ ಹುಡುಕುವಷ್ಟು ನಿಜವಾಗಿತ್ತು. ಗೇಬರ್‌ಗೆ 1971ರಲ್ಲಿ ನೊಬೆಲ್ ಬಂತು.

ಹಂತ 7: ಒಡೆದರೂ ಪೂರ್ತಿ ಚಿತ್ರ

ವಸ್ತುವಿನ ಪ್ರತಿ ಚುಕ್ಕೆಯೂ ಫಿಲ್ಮಿನ ಎಲ್ಲ ಕಡೆಗೂ ಬೆಳಕು ಚೆಲ್ಲಿದೆ. ಹಾಗಾಗಿ ಫಲಕ ಒಡೆದರೆ ಚೂರಿನಲ್ಲೂ ಇಡೀ ವಸ್ತು ಕಾಣುತ್ತದೆ. ಇದರಲ್ಲಿ ಪವಾಡ ಏನೂ ಇಲ್ಲ. ಕಿಟಕಿ ಪೂರ್ತಿ ತೆರೆದಿದ್ದರೂ ಅಂಗಳ ಕಾಣುತ್ತದೆ, ಸಂದಿಯಲ್ಲಿ ಇಣುಕಿದರೂ ಕಾಣುತ್ತದೆ. ಸಂದಿಯಲ್ಲಿ ನೋಡುವಾಗ ತಲೆ ಆಡಿಸಲು ಜಾಗ ಇಲ್ಲ ಅಷ್ಟೇ. ಜೊತೆಗೆ ಸ್ಪಷ್ಟತೆಯೂ ಕಡಿಮೆಯಾಗುತ್ತದೆ. ಕಾಣುವ ಅತಿ ಸಣ್ಣ ವಿವರ = ತರಂಗಾಂತರ × ದೂರ ÷ ಚೂರಿನ ಅಗಲ. 10 ಸೆಂಟಿಮೀಟರ್ ದೂರದ ವಸ್ತುವಿಗೆ 5 ಮಿಲಿಮೀಟರ್ ಚೂರಾದರೆ 13 ಮೈಕ್ರಾನ್, 1 ಮಿಲಿಮೀಟರ್ ಆದರೆ 63.

ಹಂತ 8: ಲೇಸರೇ ಯಾಕೆ ಬೇಕು

ಎರಡು ಕಿರಣಗಳು ಬೇರೆ ಬೇರೆ ದಾರಿಯಲ್ಲಿ ಬಂದು ಸೇರುವಾಗಲೂ ಹೆಜ್ಜೆ ಹೊಂದಿರಬೇಕು. ಎಷ್ಟು ದೂರದವರೆಗೆ ಹೊಂದಿರುತ್ತದೆ ಅನ್ನುವುದಕ್ಕೆ ಅಂದಾಜು: ತರಂಗಾಂತರ² ÷ ಬಣ್ಣದ ಹರವು (ಆ ಬೆಳಕಿನಲ್ಲಿ ಬೆರೆತಿರುವ ತರಂಗಾಂತರಗಳ ವ್ಯಾಪ್ತಿ). ಬಿಸಿಲಿನಲ್ಲಿ ಎಲ್ಲ ಬಣ್ಣವೂ ಇರುವುದರಿಂದ ಒಂದು ಮೈಕ್ರಾನ್ ಆಸುಪಾಸು. ಕೆಂಪು ಎಲ್‌ಇಡಿಯ ಹರವು 20 ನ್ಯಾನೋಮೀಟರ್ ಇದ್ದರೆ 630 × 630 ÷ 20, ಅಂದರೆ ಸುಮಾರು 20 ಮೈಕ್ರಾನ್. ಸಾಧಾರಣ ಹೀಲಿಯಂ-ನಿಯಾನ್ ಲೇಸರಿನಲ್ಲಿ 20-30 ಸೆಂಟಿಮೀಟರ್ ಸಿಗುತ್ತದೆ. ಮೊದಲ ಲೇಸರ್ ಬಂದದ್ದು 1960ರಲ್ಲಿ. ಅಲ್ಲಿಯವರೆಗೆ ಗೇಬರನ ಐಡಿಯಾ ಕಪಾಟಿನಲ್ಲೇ ಕೂತಿತ್ತು.

ಹಂತ 9: ಮಾಮೂಲಿ ಬೆಳಕಿನಲ್ಲಿ ನೋಡುವುದು

1962ರಲ್ಲಿ ಸೋವಿಯತ್ ವಿಜ್ಞಾನಿ ಯೂರಿ ಡೆನಿಸ್ಯುಕ್ ಎರಡು ಕಿರಣಗಳನ್ನು ಎದುರು-ಬದುರು ಬಿಟ್ಟ. ರೆಫರೆನ್ಸ್ ಒಂದು ಕಡೆಯಿಂದ, ವಸ್ತುವಿನ ಬೆಳಕು ಇನ್ನೊಂದು ಕಡೆಯಿಂದ. ಆಗ ಪಟ್ಟೆಗಳು ಫಿಲ್ಮಿನ ಮೇಲೆ ಸಾಲಾಗಿ ನಿಲ್ಲುವುದಿಲ್ಲ, ಅದರ ದಪ್ಪದೊಳಗೆ ಪದರ ಪದರವಾಗಿ ಕೂರುತ್ತವೆ, ಚಿರೋಟಿಯ ಹಾಗೆ. ಫಿಲ್ಮಿನೊಳಗೆ ಬೆಳಕು ಸುಮಾರು 1.5 ಪಟ್ಟು ನಿಧಾನ, ಹಾಗಾಗಿ ಅಲ್ಲಿ ತರಂಗಾಂತರ 633 ÷ 1.5 = 422 ನ್ಯಾನೋಮೀಟರ್, ಪದರದ ಅಂತರ ಅದರ ಅರ್ಧ, 211. ಏಳು ಮೈಕ್ರಾನ್ ದಪ್ಪದಲ್ಲಿ ಇಂಥ 33 ಪದರ.

ಓದುವಾಗ ಇದೇ ಲೆಕ್ಕ ಉಲ್ಟಾ: 2 × 1.5 × 211 = 633. ಬಿಳಿ ಬೆಳಕು ಬಿಟ್ಟರೆ ಪದರಗಳು 633ರ ಕೆಂಪನ್ನು ಮಾತ್ರ ಆರಿಸಿ ವಾಪಸ್ ಕಳಿಸುತ್ತವೆ. ಲೇಸರ್ ಬೇಡ, ಟಾರ್ಚ್ ಸಾಕು. ಗೆಲಾಟಿನ್ ಫಿಲ್ಮ್ ತೊಳೆದು ಒಣಗಿಸುವಾಗ ಕುಗ್ಗಿ 211 ಇದ್ದದ್ದು 185 ಆಯಿತು ಅಂದುಕೊಳ್ಳಿ: 2 × 1.5 × 185 = 555. ಕೆಂಪು ಲೇಸರಿನಲ್ಲಿ ತೆಗೆದ ಚಿತ್ರ ಹಸಿರಾಗಿ ಕಾಣುತ್ತದೆ!

ಕಾರ್ಡಿನ ಮೇಲಿರುವುದು ಇನ್ನೊಂದು ಜಾತಿ, ಸ್ಟೀಫನ್ ಬೆಂಟನ್ 1960ರ ದಶಕದ ಕೊನೆಯಲ್ಲಿ ರೂಪಿಸಿದ ಮಳೆಬಿಲ್ಲು ಹೊಲೊಗ್ರಾಂನ ವಂಶ. ಮೇಲೆ-ಕೆಳಗಿನ ಆಳವನ್ನು ಬೇಕಂತಲೇ ಬಿಟ್ಟುಕೊಟ್ಟು ಹೊಳಪು ಪಡೆದಿದ್ದಾರೆ. ಅಂಥದ್ದನ್ನು ಎಡ-ಬಲ ತಿರುಗಿಸಿದರೆ ನೋಟ ಬದಲಾಗುತ್ತದೆ, ಮೇಲೆ-ಕೆಳಗೆ ವಾಲಿಸಿದರೆ ಬಣ್ಣ ಮಾತ್ರ ಓಡುತ್ತದೆ.

ಹಂತ 10: ಒಂದು ರೂಪಾಯಿ ನಾಣ್ಯ

ಡೆನಿಸ್ಯುಕ್ ಜೋಡಣೆ ಮನೆಯಲ್ಲೇ ಆಗುತ್ತದೆ. ಬೇಕಾದದ್ದು: 5 ಮಿಲಿವ್ಯಾಟ್ ಕೆಂಪು ಡಯೋಡ್ ಲೇಸರ್ (ಮುಂದಿನ ಲೆನ್ಸ್ ಬಿಚ್ಚಿದರೆ ಬೆಳಕು ತಾನೇ ಹರಡುತ್ತದೆ), ತಾನಾಗಿ ಡೆವಲಪ್ ಆಗುವ ಕೆಂಪು ಬೆಳಕಿನ ಫೋಟೋಪಾಲಿಮರ್ ಫಿಲ್ಮ್ ಅಂಟಿಸಿದ ಗಾಜು, ಕತ್ತಲೆ ಕೋಣೆ, ಮಂದ ನೀಲಿ ದೀಪ, ಕಪ್ಪು ರಟ್ಟು.

ಇಲ್ಲಿ ಶತ್ರು ಅಲುಗಾಟ. ಪಟ್ಟೆ ಕಲಸದಿರಬೇಕಾದರೆ ಏನೂ ತರಂಗಾಂತರದ ಹತ್ತನೇ ಒಂದು ಭಾಗಕ್ಕಿಂತ, ಅಂದರೆ 60 ನ್ಯಾನೋಮೀಟರಿಗಿಂತ ಜಾಸ್ತಿ ಜರುಗಬಾರದು. ನಿಮ್ಮ ತಲೆಕೂದಲು 15 ಸೆಕೆಂಡಿನಲ್ಲಿ ಬೆಳೆಯುವುದು ಹೆಚ್ಚುಕಡಿಮೆ ಅಷ್ಟೇ. ನಾನು ಕಡಪ ಕಲ್ಲಿನ ಒಂದು ತುಂಡನ್ನು ಅರ್ಧ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಮೇಲಿಟ್ಟೆ. ಫ್ಯಾನ್ ಆಫ್, ಫ್ರಿಜ್ ಆಫ್. ಆದರೂ ಮೊದಲ ಫಲಕ ಖಾಲಿ. ಎರಡನೆಯದೂ ಖಾಲಿ. ಆಮೇಲೆ ಹೊಳೆಯಿತು: ನಾಣ್ಯದ ಕೆಳಗೆ ಎತ್ತರಕ್ಕೆ ಅಂತ ರಟ್ಟು ಇಟ್ಟಿದ್ದೆ. ಗಾಜಿನ ಭಾರಕ್ಕೆ ಅದು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕುಸಿಯುತ್ತಲೇ ಇತ್ತು. ರಟ್ಟು ತೆಗೆದು ನಾಣ್ಯವನ್ನು ಕಲ್ಲಿಗೇ ಅಂಟಿಸಿದೆ, ಬಂತು.

ಲೇಸರನ್ನು 30-40 ಸೆಂಟಿಮೀಟರ್ ಮೇಲಿನಿಂದ ಸ್ವಲ್ಪ ಓರೆಯಾಗಿ ಹೊಂದಿಸಿ. ಐದು ನಿಮಿಷ ಉರಿಯಲಿ, ಡಯೋಡ್ ಬಿಸಿಯಾಗಿ ಸ್ಥಿರವಾಗಬೇಕು. ಬೆಳಕಿಗೆ ಕಪ್ಪು ರಟ್ಟು ಅಡ್ಡ ಇಟ್ಟು, ನಾಣ್ಯದ ಮೇಲೆ ಫಲಕ ಮಲಗಿಸಿ. ಹತ್ತು ನಿಮಿಷ ಮುಟ್ಟಬೇಡಿ. ಆಮೇಲೆ ರಟ್ಟನ್ನು ಕಲ್ಲಿಗೆ ತಾಗದಂತೆ ಎತ್ತಿ, ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು ಉಸಿರೂ ಜೋರಾಗಿ ಬಿಡದೆ ಕೂತಿರಿ. ಫಲಕದ ಮೂಲಕ ಇಳಿದ ಬೆಳಕೇ ರೆಫರೆನ್ಸ್, ನಾಣ್ಯಕ್ಕೆ ಬಡಿದು ವಾಪಸ್ ಬಂದದ್ದು ವಸ್ತುವಿನ ಕಿರಣ. ದಾರಿಯ ವ್ಯತ್ಯಾಸ ಕೆಲವೇ ಮಿಲಿಮೀಟರ್, ಆದ್ದರಿಂದ ಅಗ್ಗದ ಲೇಸರೂ ನಡೆಯುತ್ತದೆ.

ನಾಣ್ಯ ತೆಗೆಯಿರಿ. ಫಲಕದ ಹಿಂದೆ ಕಪ್ಪು ಕಾಗದ ಹಿಡಿದು, ಲೇಸರ್ ಬಂದ ಕಡೆಯಿಂದ ಮೊಬೈಲ್ ಟಾರ್ಚ್ ಬಿಡಿ. ಟ್ಯೂಬ್‌ಲೈಟ್ ಬೇಡ, ಅದರ ಉದ್ದಕ್ಕೂ ಬೆಳಕು ಹೊರಡುವುದರಿಂದ ನೂರು ಕೋನದ ನೂರು ಚಿತ್ರ ಸೇರಿ ಮಸುಕಾಗುತ್ತದೆ. ಗಾಜಿನ ಹಿಂದೆ ನಾಣ್ಯ ಕೂತಿರುತ್ತದೆ. ತಲೆ ಆಡಿಸಿದರೆ ಅಂಚಿನ ಹೊಳಪೂ ಜರುಗುತ್ತದೆ.

ಈಗ ಫಲಕವನ್ನು ಮಗುಚಿ, ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿ. ನಾಣ್ಯ ಗಾಜಿನಿಂದ ಈಚೆಗೆ, ನಿಮ್ಮ ಕಡೆಗೆ ಎದ್ದು ಬರುತ್ತದೆ. ಆದರೆ ಏನೋ ಎಡವಟ್ಟು. ಉಬ್ಬಿರಬೇಕಾದ ಸಿಂಹಗಳು ಹಳ್ಳದಂತೆ ಒಳಗೆ ಇಳಿದಿವೆ, ಹಳ್ಳ ಇದ್ದಲ್ಲಿ ಉಬ್ಬು. ತಲೆಯನ್ನು ಎಡಕ್ಕೆ ತಂದರೆ ಅದು ತಪ್ಪು ದಿಕ್ಕಿಗೆ ಹೊರಳುತ್ತದೆ. ಹತ್ತಿರದ್ದು ದೂರ, ದೂರದ್ದು ಹತ್ತಿರ. ಅದೇ ನಮ್ಮ ವ*.